ಹದಕ್ಕೆ ಭಾನುವಾರ ಗೊತ್ತಿಲ್ಲ

ಪಟ್ಟಣದಲ್ಲಿ ನೆಲೆಸಿ ಹಳ್ಳಿಯಲ್ಲಿ ತೋಟವನ್ನುಳಿಸಿಕೊಂಡ ಗೃಹಸ್ಥರಿಗೆ ಎರಡು ಬಗೆಯ ಚಿಂತೆ. ವಾರದ ಆರು ದಿನ ತೋಟ ಏನಾಯಿತೋ ಎಂಬುದು ಒಂದು. ಏಳನೆಯ ದಿನ ತೋಟಕ್ಕೆ ಹೋದಾಗ ಏನನ್ನಾದರೂ ಮಾಡಿಸಿಯೇ ಬರಬೇಕೆಂಬುದು ಇನ್ನೊಂದು. ಮೊದಲನೆಯ ಚಿಂತೆಯಿಂದ ತೋಟಕ್ಕೆ ಯಾವ ಹಾನಿಯೂ ಇಲ್ಲ. ಎರಡನೆಯದರಿಂದ ಆಗುವ ಹಾನಿ ಮಾತ್ರ ಸಣ್ಣದಲ್ಲ.

ಬೆಂಗಳೂರಿನಿಂದ ಅರಸೀಕೆರೆಯ ಕಡೆಗೆ ಹೋಗುವ ರೈಲು ಗುಬ್ಬಿ, ನಿಟ್ಟೂರುಗಳನ್ನು ದಾಟಿ ಅಮ್ಮಸಂದ್ರವನ್ನು ಸಮೀಪಿಸುವ ಹೊತ್ತಿಗೆ ಕಿಟಕಿಯ ಎರಡು ಕಡೆಯೂ ತೆಂಗಿನ ಸಾಲುಗಳು ಕಾಣತೊಡಗುತ್ತವೆ. ಹೊರಗಿನವರಿಗೆ ಸಿಮೆಂಟ್ ಕಾರ್ಖಾನೆಯಿಂದ ಹೆಸರಾದ ಈ ಊರು ತುರುವೇಕೆರೆ ತಾಲ್ಲೂಕಿಗೆ ಸೇರಿದ್ದು. ಇಲ್ಲಿಂದ ಒಂದು ಕಡೆ ತಿಪಟೂರು, ಇನ್ನೊಂದು ಕಡೆ ಚಿಕ್ಕನಾಯಕನಹಳ್ಳಿ. ಮೂರು ತಾಲ್ಲೂಕುಗಳ ಜೀವನವೂ ತೆಂಗನ್ನೇ ಆಶ್ರಯಿಸಿದೆ. ಇಲ್ಲಿನ ತೋಟಗಳ ಒಡೆಯರಲ್ಲಿ ಅನೇಕರು ಈಗ ಬೆಂಗಳೂರು, ತುಮಕೂರು, ಮೈಸೂರುಗಳ ನಿವಾಸಿಗಳು. ತೋಟದ ಮಧ್ಯದಲ್ಲೊಂದು ಪುಟ್ಟ ಮನೆ, ಮನೆಯ ಮುಂದೆ ಹಸಿರು ಹುಲ್ಲುಹಾಸು, ಸಾಲುಗಳ ನಡುವೆ ಓಡಾಡಲು ಒಂದು ಸಣ್ಣ ಟ್ರ್ಯಾಕ್ಟರ್, ಇಷ್ಟು ಅವರ ಕನಸು. ಕೆಲವರು ಅದನ್ನು ನನಸಾಗಿಸಿಕೊಂಡೂ ಇದ್ದಾರೆ.

ಕನಸು ನನಸಾದ ಎರಡು ಮೂರು ವರ್ಷಕ್ಕೆ ಹುಲ್ಲು ಅಲ್ಲಲ್ಲಿ ಹಳದಿಗಟ್ಟುತ್ತದೆ. ಮಳೆ ಬಂದರೆ ನೀರು ಅಂಗಳದಲ್ಲಿ ನಿಲ್ಲುತ್ತದೆ, ಇಲ್ಲವೇ ಕಾಲುವೆಗೆ ಹರಿದುಹೋಗುತ್ತದೆ. ಒಳಗೆ ಮಾತ್ರ ಇಳಿಯುವುದಿಲ್ಲ. ಆಗ ಬಲ್ಲವರು ಯಾರೋ ‘ಏರೇಟರ್’ ಎಂಬ ಸಾಧನದ ಹೆಸರು ಹೇಳುತ್ತಾರೆ. ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಎಳೆದರೆ ನೆಲದ ತುಂಬ ಸಾಲುಸಾಲಾಗಿ ರಂಧ್ರ ಮಾಡಿಕೊಂಡು ಬರುವ ಯಂತ್ರವದು. ಯಾವುದನ್ನು ಕೊಳ್ಳಬೇಕು? ಹೇಗೆ ಬಳಸಬೇಕು? ಅದನ್ನೇ ತೆಂಗಿನ ಸಾಲಿನಲ್ಲಿಯೂ ಓಡಿಸಬಹುದೇ? ಈ ಪ್ರಶ್ನೆಗಳಿಗೆ ಉತ್ತರ ಕಷ್ಟವಲ್ಲ. ಆದರೆ ಉತ್ತರದ ಅರ್ಧ ಭಾಗ ಅಂಗಡಿಯಲ್ಲಿದೆ. ಉಳಿದರ್ಧ ಅಂಗಡಿಯಲ್ಲಿ ಸಿಕ್ಕುವಂಥದಲ್ಲ.

ನೆಲದ ಉಸಿರು

ಒಳ್ಳೆಯ ತೋಟದ ಮಣ್ಣಿನ ಗಾತ್ರದಲ್ಲಿ ಸುಮಾರು ಅರ್ಧ ಪಾಲು ಮಾತ್ರ ಮಣ್ಣು. ಉಳಿದರ್ಧ ಬರಿಯ ಸಂದುಗಳು. ಆ ಸಂದುಗಳಲ್ಲಿ ಒಂದಿಷ್ಟು ನೀರು, ಒಂದಿಷ್ಟು ಗಾಳಿ. ಬೇರಿಗೂ ಉಸಿರಾಟವುಂಟು, ಆಮ್ಲಜನಕವನ್ನು ಹೀರಿ ಇಂಗಾಲಾಮ್ಲವನ್ನು ಬಿಡುವ ಕೆಲಸ ಎಲೆಗೆ ಹೇಗೋ ಬೇರಿಗೂ ಹಾಗೆಯೇ. ಸಂದುಗಳು ಮುಚ್ಚಿದರೆ ನೀರೂ ಇಳಿಯದು, ಗಾಳಿಯೂ ಆಡದು. ಗೊಬ್ಬರವೆಷ್ಟು ಹಾಕಿದರೂ ಉಸಿರುಗಟ್ಟಿದ ಬೇರು ಅದನ್ನು ಉಣ್ಣಲಾರದು.

ತೆಂಗಿನ ಮಟ್ಟಿಗಂತೂ ಈ ಮಾತು ಇನ್ನಷ್ಟು ನಿಜ. ತೆಂಗಿಗೆ ತಾಯಿಬೇರಿಲ್ಲ. ಬುಡದಿಂದ ಕಿರುಬೆರಳ ಗಾತ್ರದ ಬೇರುಗಳು ಸಾವಿರಾರು ಸಂಖ್ಯೆಯಲ್ಲಿ ಹೊರಟು ಸುತ್ತಲೂ ಹರಡುತ್ತವೆ. ಇತರ ಗಿಡಮರಗಳ ಬೇರಿಗಿರುವ ರೋಮಗಳು ಇವಕ್ಕಿಲ್ಲ; ತುದಿಯ ಹತ್ತಿರದ ಎಳೆಯ ಭಾಗವೇ ನೀರು, ಆಹಾರಗಳನ್ನು ಹೀರಬೇಕು. ಈ ಬೇರುಗಳ ಮೈಮೇಲೆ ಅಲ್ಲಲ್ಲಿ ಬೆಳ್ಳಗಿನ ಸಣ್ಣ ಮೊಳಕೆಗಳಂಥವು ಎದ್ದಿರುತ್ತವೆ. ಅವು ಉಸಿರುಬೇರುಗಳು. ಗಾಳಿಯ ಅಗತ್ಯ ಎಷ್ಟಿದೆಯೆಂದರೆ, ಅದಕ್ಕಾಗಿಯೇ ಮರವು ಪ್ರತ್ಯೇಕವಾದ ಅಂಗವನ್ನು ಪಡೆದಿದೆ.

ಇನ್ನು ನೀರಿನ ಲೆಕ್ಕ. ಒಂದು ಎಕರೆಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 40,000 ಲೀಟರ್ ನೀರು ಬಿದ್ದಂತಾಯಿತು. 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಎಂಟು ಟ್ಯಾಂಕರ್! ಬೇಸಿಗೆಯಲ್ಲಿ ಒಂದೊಂದು ಟ್ಯಾಂಕರಿಗೂ ಹಣ ಎಣಿಸಿಕೊಟ್ಟು ಮರ ಉಳಿಸಿಕೊಳ್ಳುವ ಒಡೆಯರು, ಒಂದು ಹದಮಳೆಗೆ ಎಂಟು ಟ್ಯಾಂಕರ್ ನೀರು ತಮ್ಮ ತೋಟದಿಂದ ಹರಿದು ಹಳ್ಳ ಸೇರುವುದನ್ನು ಕಂಡೂ ಸುಮ್ಮನಿರುವುದುಂಟು. 2016ರ ಆಸುಪಾಸಿನ ಬರದ ವರ್ಷಗಳಲ್ಲಿ ಈ ಸೀಮೆಯಲ್ಲಿ ಸುಳಿ ಒಣಗಿ ಬೋಳುಕಂಬಗಳಂತೆ ನಿಂತ ಮರಗಳನ್ನು ನೋಡಿದವರಿಗೆ ನೆಲದ ರಂಧ್ರವೆಂಬುದು ಬರಿಯ ಹುಲ್ಲಿನ ಸೊಬಗಿನ ಮಾತಲ್ಲವೆಂದು ಹೇಳಬೇಕಾಗಿಲ್ಲ.

ನೆಲ ಗಟ್ಟಿಯಾಗುವುದಕ್ಕೆ ಕಾರಣಗಳು ಹಲವು. ಈ ಕಡೆಯ ಕೆಂಪು ಮಣ್ಣು ಮಳೆಹನಿಯ ಹೊಡೆತಕ್ಕೆ ಹೆಪ್ಪುಗಟ್ಟಿ, ಒಣಗಿದಾಗ ಮೇಲೆ ಹಪ್ಪಳದಂಥ ಪದರವನ್ನು ಕಟ್ಟುತ್ತದೆ. ದನಕರುಗಳ ಗೊರಸು, ಮನುಷ್ಯರ ಪಾದ, ಮಕ್ಕಳ ಆಟ ಇವೆಲ್ಲವೂ ಮೇಲಿನ ನಾಲ್ಕು ಬೆರಳು ಮಣ್ಣನ್ನು ಅದುಮುತ್ತವೆ. ಆದರೆ ಆಳದವರೆಗೂ ಅದುಮುವುದು ಟ್ರ್ಯಾಕ್ಟರಿನ ಭಾರ. ಮಾಮೂಲಿನ ಟ್ರ್ಯಾಕ್ಟರ್ ಸುಮಾರು ಎರಡು ಟನ್ ತೂಗುತ್ತದೆ. ನೆಲ ಒದ್ದೆಯಾಗಿದ್ದಾಗ ಅದು ಒಮ್ಮೆ ಓಡಾಡಿದರೆ ಸಾಕು, ಆಗಬೇಕಾದ ಹಾನಿಯ ದೊಡ್ಡ ಪಾಲು ಆ ಮೊದಲ ಓಡಾಟದಲ್ಲೇ ಆಗಿಬಿಡುತ್ತದೆ. ವರ್ಷ ವರ್ಷವೂ ಒಂದೇ ಆಳಕ್ಕೆ ರೋಟವೇಟರ್ ಹೊಡೆಸಿದಲ್ಲಿ ಮೇಲಿನ ಮಣ್ಣು ರವೆಯಂತೆ ಪುಡಿಯಾಗುತ್ತದೆ, ಅದರ ಅಲಗು ಸವರಿದ ಅಡಿ ಮಾತ್ರ ಸಾರಿಸಿದ ನೆಲದಂತೆ ಗಟ್ಟಿಯಾಗುತ್ತದೆ. ನೋಡುವವರ ಕಣ್ಣಿಗೆ ತೋಟ ಸೊಗಸಾಗಿ ಉತ್ತಂತೆ ಕಾಣುತ್ತದೆ. ನೀರು ಒಂದು ಗೇಣು ಇಳಿಯುವ ಮೊದಲೇ ತಡೆದು ನಿಲ್ಲುತ್ತದೆ.

ರೋಗವಿದೆಯೇ ಎಂದು ತಿಳಿಯಲು ಸುಲಭವಾದ ಪರೀಕ್ಷೆಯೊಂದುಂಟು. ಎರಡು ಕಡೆಯ ಮುಚ್ಚಳವನ್ನೂ ಕತ್ತರಿಸಿ ತೆಗೆದ ಡಬ್ಬವೊಂದನ್ನು ನೆಲಕ್ಕೆ ಎರಡು ಬೆರಳು ಇಳಿಯುವಂತೆ ಒತ್ತಿ, ಒಂದು ಲೀಟರ್ ನೀರು ಸುರಿದು, ಇಂಗಲು ಹಿಡಿದ ಹೊತ್ತನ್ನು ಗಡಿಯಾರ ನೋಡಿ ಬರೆದಿಡಬೇಕು. ಯಾರೂ ತುಳಿಯದ ಬೇಲಿಯ ಬುಡದಲ್ಲೊಮ್ಮೆ, ಟ್ರ್ಯಾಕ್ಟರ್ ಓಡಾಡುವ ಸಾಲಿನಲ್ಲೊಮ್ಮೆ, ಮನೆಯ ಮುಂದಿನ ಹುಲ್ಲಿನಲ್ಲೊಮ್ಮೆ ಹೀಗೆ ಮಾಡಿದರೆ ಮೂರು ಅಂಕಿಗಳು ದೊರೆಯುತ್ತವೆ. ಅವುಗಳ ಅಂತರವೇ ರೋಗದ ಪ್ರಮಾಣ. ಅಂತರವೇನೂ ಇಲ್ಲವೆಂದಾದರೆ ಯಂತ್ರದ ಹಣ ಉಳಿಯಿತು.

ಮೂರು ಬಗೆಯ ಹಲ್ಲು

ಹುಲ್ಲುಹಾಸಿನ ಮಣ್ಣನ್ನು ಉಳದೆ, ಹುಲ್ಲನ್ನು ಕೀಳದೆ, ಒಳಗೆ ಗಾಳಿಯಾಡುವಂತೆ ಮಾಡುವ ವಿದ್ಯೆ ಬೆಳೆದದ್ದು ಗಾಲ್ಫ್ ಮೈದಾನಗಳಲ್ಲಿ. ಅಮೆರಿಕದ ಟಾಮ್ ಮಸ್ಕಾರೊ 1946ರಲ್ಲಿ ಅದಕ್ಕೆಂದೇ ಯಂತ್ರವೊಂದನ್ನು ಹೊರತಂದ ಮೇಲೆ ಈ ಕೆಲಸ ಮೈದಾನಗಳ ನಿತ್ಯ ಕ್ರಮವಾಯಿತು. ದೂರದ ಮಾತೇಕೆ? ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 2017ರಲ್ಲಿ ಹುಲ್ಲಿನಡಿಯ ಕೊಳವೆಗಳಿಂದ ನೀರನ್ನು ಹೀರಿ ತೆಗೆಯುವ, ಬೇರಿಗೆ ಗಾಳಿಯೂಡುವ ಏರ್ಪಾಟನ್ನೇ ಮಾಡಿದರು. ತೋಟದ ಮನೆಯವರಿಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಅವರಿಗೆ ದೊರೆಯುವ, ಹಿಂದೆ ಕಟ್ಟಿ ಎಳೆಯುವ ಸಾಧನಗಳಲ್ಲಿ ಮೂರು ಬಗೆ.

ಮೊದಲನೆಯದು ಮೊಳೆಹಲ್ಲಿನದು. ಉರುಳೆಯ ಸುತ್ತ ಮೊಳೆಗಳಿದ್ದು ಅವು ನೆಲವನ್ನು ಚುಚ್ಚುತ್ತ ಹೋಗುತ್ತವೆ. ಬೆಲೆ ಕಡಿಮೆ, ಹಗುರ. ಆದರೆ ಮೊಳೆಯು ಮಣ್ಣನ್ನು ಹೊರತೆಗೆಯುವುದಿಲ್ಲ, ಪಕ್ಕಕ್ಕೆ ತಳ್ಳುತ್ತದೆ. ಜೇಡಿಯ ಅಂಶ ಹೆಚ್ಚಿರುವಲ್ಲಿ ರಂಧ್ರದ ಗೋಡೆ ಇನ್ನಷ್ಟು ಬಿಗಿಯಾಗಿ, ಕಾಯಿಲೆಗೆ ಕೊಟ್ಟ ಔಷಧವೇ ಕಾಯಿಲೆಯಾಗುವುದುಂಟು. ಮರಳು ಮಿಶ್ರಿತವಾದ ಸಡಿಲ ನೆಲಕ್ಕೆ ಇದು ಸಾಕು.

ಎರಡನೆಯದು ಟೊಳ್ಳುಹಲ್ಲಿನದು. ಹಲ್ಲುಗಳು ಕೊಳವೆಯಂತಿದ್ದು, ಬೆರಳಿನಷ್ಟು ಗಾತ್ರದ ಮಣ್ಣಿನ ತುಂಡುಗಳನ್ನು ಕಿತ್ತು ಮೇಲೆ ಉದುರಿಸುತ್ತವೆ. ಐದರಿಂದ ಏಳೂವರೆ ಸೆಂಟಿಮೀಟರ್ ಆಳಕ್ಕೆ ಇಳಿದರೆ ಅದು ಒಳ್ಳೆಯ ಕೆಲಸ. ಕೆಂಪು ಜೇಡಿ ಬೆರೆತ ನೆಲಕ್ಕೆ, ಕೆರೆಗೋಡು ಹೊಡೆಸಿದ ನೆಲಕ್ಕೆ ಇದೇ ತಕ್ಕದ್ದು.

ಮೂರನೆಯದು ಅಲಗಿನದು. ತೆಳುವಾದ ಅಲಗುಗಳು ಹುಲ್ಲಿನ ಗಡ್ಡೆಯನ್ನು ಸೀಳಿ ಸಣ್ಣ ಗೀರುಗಳನ್ನು ಮಾಡುತ್ತವೆ. ಹುಲ್ಲಿಗೆ ಇದರಿಂದ ನೋವು ಕಡಿಮೆ, ಫಲವೂ ಕಡಿಮೆ. ಪ್ರತಿವರ್ಷವೂ ಮಾಡುವ ಹಗುರ ಉಪಚಾರಕ್ಕೆ ಇದು ಸರಿಯೇ ಹೊರತು, ನಿಜವಾಗಿ ಗಟ್ಟಿಯಾದ ನೆಲಕ್ಕೆ ಸಾಲದು.

ರಂಧ್ರಗಳನ್ನು ಕಂಡು ನೆಲವೆಲ್ಲ ಬಗೆದುಹೋಯಿತೆಂದು ಮನೆಯವರು ಗಾಬರಿಯಾಗುವುದು ಸಹಜ. ಹದಿನೆಂಟು ಮಿಲಿಮೀಟರ್ ಅಗಲದ ಹಲ್ಲುಗಳು ಹದಿನೈದು ಸೆಂಟಿಮೀಟರಿಗೊಂದರಂತೆ ಇಳಿದರೆ ಒಂದು ಚದರ ಮೀಟರಿಗೆ 44 ರಂಧ್ರಗಳಾಗುತ್ತವೆ. ಅಷ್ಟಾದರೂ ತೆರೆಯುವುದು ಮೇಲ್ಮೈಯ ನೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಮಾತ್ರ. ಆದ್ದರಿಂದ ಒಮ್ಮೆ ಎಳೆದು ನಿಲ್ಲಿಸದೆ, ಅಡ್ಡಲಾಗಿ ಇನ್ನೊಮ್ಮೆ ಎಳೆಯುವುದು ವಾಡಿಕೆ.

ಕೊಳ್ಳುವ ಮೊದಲು

ಮೂವತ್ತು ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿ, ಉಳಿದ ಚೂರಿನಲ್ಲಿ ಹುಲ್ಲು ಬೆಳೆಸಿದವರಿಗೆ ಎಳೆಯುವ ಯಂತ್ರದ ಮಾತೇ ಬೇಡ. ಅವರಿಗೆ ನಾಲ್ಕು ಹಲ್ಲಿನ ಕೈಫೋರ್ಕ್ ಒಂದಿದ್ದರೆ ಸಾಕು. ಗೇಣಿಗೊಂದು ಬಾರಿ ಚುಚ್ಚಿ, ಹಿಡಿಯನ್ನು ಸ್ವಲ್ಪ ಹಿಂದೆ ಮುಂದೆ ಅಲುಗಿಸಿದರೆ ಒಂದು ಬೆಳಗಿನಲ್ಲಿ ಕೆಲಸ ಮುಗಿಯುತ್ತದೆ. ಐದಾರು ಗುಂಟೆಗಿಂತ ಕಡಿಮೆಯ ಹುಲ್ಲಿಗೆ ಟ್ರ್ಯಾಕ್ಟರ್ ತರುವುದೆಂದರೆ ಆ ಚಕ್ರದ ಭಾರದಿಂದಲೇ ನೆಲವನ್ನು ಮತ್ತೊಮ್ಮೆ ಅದುಮಿದಂತೆ.

ಅದಕ್ಕಿಂತ ದೊಡ್ಡ ಹುಲ್ಲುಗಾವಲಿರುವವರು ನೋಡಬೇಕಾದ ಅಂಶಗಳಿವು. ಯಂತ್ರದ ಅಗಲ ಸಾಮಾನ್ಯವಾಗಿ 90ರಿಂದ 120 ಸೆಂಟಿಮೀಟರ್. ಎಳೆಯುವ ವಾಹನದ ಚಕ್ರದ ಗುರುತನ್ನು ಮುಚ್ಚುವಷ್ಟು ಅಗಲವಿರಬೇಕು; ತೋಟದ ಗೇಟಿನೊಳಗೆ ನುಗ್ಗುವಷ್ಟು ಕಿರಿದೂ ಇರಬೇಕು. ಮೇಲೆ ಭಾರ ಹೇರಲು ತಟ್ಟೆಯಿರಬೇಕು, ಏಕೆಂದರೆ ಹಲ್ಲು ಇಳಿಯುವುದು ಭಾರದಿಂದಲೇ. ಸಿಮೆಂಟಿನ ಊರಿನಲ್ಲಿ ಭಾರಕ್ಕೇನು ಬರ? ಸುಮಾರು 25 ಕಿಲೋ ತೂಗುವ ಗಟ್ಟಿ ಬ್ಲಾಕುಗಳನ್ನು ಎರಡೋ ಮೂರೋ ಇಟ್ಟು ಹಗ್ಗದಿಂದ ಬಿಗಿದರಾಯಿತು. ತಯಾರಕರು ಹೇಳಿದ ಮಿತಿಯನ್ನು ಮಾತ್ರ ಮೀರಬಾರದು. ಕುಂಟೆ, ಹಲಗೆಗಳ ಮೇಲೆ ಭಾರಕ್ಕೆಂದು ಆಳು ನಿಲ್ಲುವ ಹಳೆಯ ರೂಢಿಯನ್ನು ಈ ಯಂತ್ರದ ಮೇಲೆ ಎಂದೂ ಅನುಸರಿಸಬಾರದು. ಮಕ್ಕಳನ್ನಂತೂ ಅದರ ಹತ್ತಿರಕ್ಕೂ ಬಿಡಬಾರದು. ಕೆಳಗೆ ತಿರುಗುವುದು ಉಕ್ಕಿನ ಹಲ್ಲು.

ಹಲ್ಲುಗಳನ್ನು ನೆಲದಿಂದ ಎತ್ತುವ ಸನ್ನೆ ಗಟ್ಟಿಯಾಗಿದೆಯೇ, ಸವೆದ ಹಲ್ಲನ್ನು ಒಂದೊಂದಾಗಿ ಬಿಚ್ಚಿ ಬದಲಿಸಬಹುದೇ, ಬದಲಿ ಹಲ್ಲು ತುಮಕೂರಿನಲ್ಲೋ ತಿಪಟೂರಿನಲ್ಲೋ ದೊರೆಯುವುದೇ ಎಂದು ಕೇಳಿ ತಿಳಿಯಬೇಕು. ಬಣ್ಣ ಮಿರುಗುವ ಯಂತ್ರಕ್ಕಿಂತ ಊರಿನ ವೆಲ್ಡಿಂಗ್ ಅಂಗಡಿಯವನು ರಿಪೇರಿ ಮಾಡಬಲ್ಲ ಯಂತ್ರ ಮೇಲು. ವರ್ಷಕ್ಕೆ ಒಂದೋ ಎರಡೋ ದಿನ ಮಾತ್ರ ಕೆಲಸವಿರುವ ಈ ಸಾಧನವನ್ನು ಅಕ್ಕಪಕ್ಕದ ನಾಲ್ಕು ತೋಟದವರು ಕೂಡಿ ಕೊಂಡರೆ ಹಣದ ಹೊರೆ ಹಗುರವಾಗುವುದಲ್ಲದೆ ಯಂತ್ರ ತುಕ್ಕು ಹಿಡಿಯುವುದೂ ತಪ್ಪುತ್ತದೆ.

ಎಳೆಯುವ ಕ್ರಮ

ಹುಲ್ಲು ಹುರುಪಿನಿಂದ ಬೆಳೆಯುವ ಕಾಲದಲ್ಲಿ ಈ ಉಪಚಾರ ನಡೆಯಬೇಕು. ಗರಿಕೆಯ ಜಾತಿಯ ಹುಲ್ಲಿಗೆ ಮುಂಗಾರಿನ ಆರಂಭವೇ ಒಳ್ಳೆಯ ಕಾಲ. ಹೊಸದಾಗಿ ಹಾಸಿದ ಹುಲ್ಲನ್ನು ಒಂದು ವರ್ಷದವರೆಗೆ ಮುಟ್ಟಬಾರದು. ಹಿಂದಿನ ದಿನ ಹುಲ್ಲನ್ನು ಗಿಡ್ಡಗೆ ಕತ್ತರಿಸಿ, ನೆಲದಡಿಯ ನೀರಿನ ಪೈಪು, ದೀಪದ ತಂತಿ, ಸ್ಪ್ರಿಂಕ್ಲರ್‌ಗಳಿರುವಲ್ಲಿ ಕಡ್ಡಿ ನೆಟ್ಟು ಗುರುತು ಮಾಡಬೇಕು. ಮನುಷ್ಯ ನಡೆಯುವಷ್ಟೇ ವೇಗದಲ್ಲಿ ನೇರವಾಗಿ ಎಳೆಯಬೇಕು. ತಿರುಗಿಸುವಾಗ ಹಲ್ಲುಗಳನ್ನು ಎತ್ತಲೇಬೇಕು. ಇಳಿಬಿಟ್ಟೇ ತಿರುಗಿಸಿದರೆ ಹುಲ್ಲು ಚಾಪೆಯಂತೆ ಕಿತ್ತುಬರುತ್ತದೆ. ಹಿಂದಕ್ಕೆ ಚಲಿಸುವುದಂತೂ ಕೂಡದು.

ಮೇಲೆ ಉದುರಿದ ಮಣ್ಣಿನ ತುಂಡುಗಳನ್ನು ಗುಡಿಸಿ ಎಸೆಯುವವರುಂಟು. ಅದು ತಪ್ಪು. ಎರಡು ದಿನ ಒಣಗಲು ಬಿಟ್ಟು ಕೊಕ್ಕೆಯ ಬೆನ್ನಿನಿಂದ ಪುಡಿಮಾಡಿ ಅಲ್ಲೇ ಹರಡಬೇಕು. ಅದರ ಮೇಲೆ ಜರಡಿ ಹಿಡಿದ ಕಾಂಪೋಸ್ಟ್ ಗೊಬ್ಬರವನ್ನು ತೆಳುವಾಗಿ ಎರಚಿದರೆ ರಂಧ್ರಗಳು ಗೊಬ್ಬರದಿಂದ ತುಂಬಿಕೊಂಡು ಬಹುಕಾಲ ತೆರೆದಿರುತ್ತವೆ.

ತೆಂಗಿನ ಸಾಲಿನಲ್ಲಿ

ಹುಲ್ಲಿಗೆ ಹಿತವಾದದ್ದು ತೆಂಗಿಗೂ ಹಿತವೆಂದು ಯಂತ್ರವನ್ನು ನೇರವಾಗಿ ಸಾಲಿನೊಳಗೆ ಹೊಡೆಸುವ ಮುನ್ನ ಸ್ವಲ್ಪ ನಿಲ್ಲಬೇಕು. 1916ರಲ್ಲಿ ಸಂಶೋಧನಾ ಕೇಂದ್ರವಾಗಿ ಆರಂಭವಾಗಿ 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಕಾಸರಗೋಡಿನ ಸಂಸ್ಥೆಯು ತೆಂಗಿನ ಬುಡದ ಸುತ್ತ 1.8 ಮೀಟರ್, ಎಂದರೆ ಆರು ಅಡಿ ತ್ರಿಜ್ಯದ ಪಾತಿಯನ್ನು ಹೇಳುತ್ತದೆ. ಮರದ ಬೇರುಗಳಲ್ಲಿ ಬಹುಪಾಲು ಇರುವುದು ಬುಡದಿಂದ ಇಷ್ಟರೊಳಗೇ. ಈ ವೃತ್ತದೊಳಗೆ ಚಕ್ರವೂ ಬರಬಾರದು, ಎಳೆಯುವ ಹಲ್ಲೂ ಬರಬಾರದು. ಇಲ್ಲಿ ಗುದ್ದಲಿಯೇ ಯಂತ್ರ, ಅದೂ ಮೇಲುಮೇಲೆ.

ಇದು ಅತಿಯಾದ ಎಚ್ಚರಿಕೆಯೆಂದು ತೋರಬಹುದು. ಆದರೆ ಈ ಸೀಮೆಯ ತೆಂಗಿಗೆ ಅಣಬೆ ರೋಗವೆಂಬ ಶತ್ರುವಿದೆ. ಅದರ ಶಿಲೀಂಧ್ರ ಮಣ್ಣಿನಲ್ಲಿದ್ದು ಬೇರಿನ ಮೂಲಕ ಮರವನ್ನು ಹೊಗುತ್ತದೆ. ಕತ್ತರಿಸಿದ ಬೇರು ಅದಕ್ಕೆ ತೆರೆದಿಟ್ಟ ಬಾಗಿಲು. ರೋಗವಿರುವ ತೋಟದಲ್ಲಿ ಉಳುಮೆಯನ್ನೇ ಮಾಡಬಾರದೆಂದು ತಜ್ಞರು ಹೇಳುವುದು ಈ ಕಾರಣದಿಂದ. ಒಂದು ಮರದ ಬುಡದಲ್ಲಿ ಆಡಿದ ಹಲ್ಲು ರೋಗದ ಮಣ್ಣನ್ನು ಹತ್ತು ಮರಗಳಿಗೆ ಹಂಚುತ್ತದೆ. ಸಂದೇಹವಿದ್ದವರು ತಿಪಟೂರಿನ ಬಳಿಯ ಕೊನೆಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿದ ನಂತರವೇ ಯಂತ್ರವನ್ನು ಇಳಿಸುವುದು ಕ್ಷೇಮ.

ಆರೋಗ್ಯವಾದ ತೋಟದಲ್ಲಿ ಸಾಲುಗಳ ನಡುಭಾಗವನ್ನು ಮಾತ್ರ ಸಡಿಲಿಸಬಹುದು. ಹುಲ್ಲಿನ ಏರೇಟರ್ ಅಲ್ಲಿಗೆ ಸಾಲದು. ಅದರ ಸಣ್ಣ ಹಲ್ಲು ಕಲ್ಲು, ಮಟ್ಟೆ, ಕಳೆಗಳ ನಡುವೆ ಕುಣಿಯುತ್ತ ಹೋಗುತ್ತದೆ. ಕಲ್ಟಿವೇಟರಿನ ಹಲ್ಲುಗಳನ್ನು ಅರ್ಧ ಗೇಣಿನಷ್ಟು ಆಳಕ್ಕೆ ಇಳಿಸಿ ವರ್ಷಕ್ಕೆ ಒಂದು ಬಾರಿ, ಹೆಚ್ಚೆಂದರೆ ಎರಡು ಬಾರಿ ಎಳೆದರೆ ಸಾಕು. ಈ ವರ್ಷ ಒಂದು ಸಾಲು, ಮುಂದಿನ ವರ್ಷ ಪಕ್ಕದ ಸಾಲು ಎಂದು ಸರದಿ ಮಾಡಿದರೆ ಮರದ ಎರಡು ಕಡೆಯ ಬೇರಿಗೂ ಒಮ್ಮೆಲೇ ಪೆಟ್ಟು ಬೀಳದು. ಟ್ರ್ಯಾಕ್ಟರ್ ಓಡಾಡುವ ದಾರಿಯನ್ನು ಗೊತ್ತುಮಾಡಿ ಎಂದೂ ಅದರಲ್ಲೇ ಓಡಿಸಬೇಕು. ಕೆಡುವುದಾದರೆ ಆ ಒಂದು ಪಟ್ಟಿ ಮಾತ್ರ ಕೆಡಲಿ.

ಈ ವಿದ್ಯೆ ಈ ಸೀಮೆಗೆ ಹೊಸದೇನೂ ಅಲ್ಲ. ರಾಗಿಯ ಹೊಲದಲ್ಲಿ ಪೈರು ಎದ್ದ ಮೇಲೆ ಹಲುಬೆಯನ್ನು ಎತ್ತಿನ ಹಿಂದೆ ಎಳೆಸುತ್ತಿದ್ದ ರೈತನು ಮಾಡುತ್ತಿದ್ದುದೂ ಇದನ್ನೇ: ಬೆಳೆ ನಿಂತಿರುವಂತೆಯೇ ಮೇಲಿನ ಹೆಪ್ಪನ್ನು ಒಡೆದು ಬೇರಿಗೆ ಗಾಳಿಯಾಡಿಸುವುದು. ಉಪಕರಣ ಕಬ್ಬಿಣದ್ದಾಯಿತು, ಎಳೆಯುವುದು ಎಂಜಿನ್ ಆಯಿತು. ಆದರೆ ಹಲುಬೆಯ ಜೊತೆಗೆ ಆ ರೈತನಲ್ಲಿದ್ದ ಇನ್ನೊಂದು ವಸ್ತು ಯಂತ್ರದೊಡನೆ ಬರುವುದಿಲ್ಲ.

ಹದ

ಆ ವಸ್ತುವಿಗೆ ಕನ್ನಡದಲ್ಲಿ ಎರಡೇ ಅಕ್ಷರದ ಹೆಸರು: ಹದ. ಹದ ಬಂದಾಗ ಹರಗಬೇಕು, ಬೆದೆ ಬಂದಾಗ ಬಿತ್ತಬೇಕು ಎಂಬ ಗಾದೆಯಲ್ಲಿ ಬೇಸಾಯದ ಅರ್ಧ ಶಾಸ್ತ್ರವೇ ಅಡಗಿದೆ. ನೆಲ ತೀರ ಒಣಗಿದ್ದರೆ ಹಲ್ಲು ಇಳಿಯದು; ಇಳಿದರೂ ಹೆಂಟೆಗಳನ್ನು ಎಬ್ಬಿಸಿ ಬೇರನ್ನು ಹರಿಯುತ್ತದೆ. ತೀರ ಒದ್ದೆಯಿದ್ದರೆ ಹಲ್ಲು ಮಣ್ಣನ್ನು ಸಾರಿಸುತ್ತದೆ, ಚಕ್ರ ಅದುಮುತ್ತದೆ. ಗಾಳಿಗೆಂದು ಮಾಡಿದ ಕೆಲಸದಿಂದಲೇ ಗಾಳಿಯ ದಾರಿ ಮುಚ್ಚುತ್ತದೆ.

ಹದವನ್ನು ತಿಳಿಯುವುದಕ್ಕೆ ಪದವಿ ಬೇಕಿಲ್ಲ. ನಾಲ್ಕು ಬೆರಳು ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಅದುಮಬೇಕು. ಉಂಡೆಯಾಗದೆ ಉದುರಿದರೆ ಇನ್ನೂ ಮಳೆ ಬೇಕು. ಉಂಡೆಯಾಗಿ, ಬೆರಳಿಗೆ ಮೆತ್ತಿಕೊಂಡು ಹೊಳೆದರೆ ಕಾಯಬೇಕು. ಉಂಡೆಯಾಗಿ, ಸೊಂಟದೆತ್ತರದಿಂದ ಬೀಳಿಸಿದಾಗ ನಾಲ್ಕಾರು ಚೂರಾದರೆ ಹದ ಬಂದಿತು. ಏಪ್ರಿಲ್ ಕೊನೆಯಿಂದ ಮೇ ತಿಂಗಳವರೆಗಿನ ಭರಣಿ, ಕೃತ್ತಿಕೆ ಮಳೆಗಳ ಬೆನ್ನಲ್ಲಿ ಇಂಥ ದಿನಗಳು ಒಂದೆರಡು ಬರುತ್ತವೆ. ಕೆಂಪು ಮಣ್ಣಿನಲ್ಲಿ ಅವು ಬಹಳ ಹೊತ್ತು ನಿಲ್ಲುವುದಿಲ್ಲ. ಬಿಸಿಲು ಚುರುಕಾಗಿದ್ದರೆ ಬಂದ ಹದ ಮೂರೇ ದಿನಕ್ಕೆ ಹೋಗಿಬಿಡುತ್ತದೆ.

ತೊಡಕಿರುವುದು ಇಲ್ಲಿಯೇ. ಮಳೆ ಬೀಳುವುದು ಮಂಗಳವಾರ ರಾತ್ರಿ. ಹದ ಬರುವುದು ಶುಕ್ರವಾರ. ಒಡೆಯರು ಬರುವುದು ಭಾನುವಾರ. ಅಥವಾ ಮಳೆಯೇ ಇಲ್ಲದೆ ನೆಲ ಬಂಡೆಯಾಗಿರುವಾಗ ಒಡೆಯರು ರಜೆ ಹಾಕಿ, ಬಾಡಿಗೆಯ ಟ್ರ್ಯಾಕ್ಟರನ್ನು ಗೊತ್ತುಮಾಡಿ ಬಂದಿಳಿಯುತ್ತಾರೆ. ಇಂಥ ಮನೆಗಳಲ್ಲಿ ನಡೆಯುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ.

“ಟ್ರ್ಯಾಕ್ಟರ್ ಬಂದು ನಿಂತಿದೆ ದೊಡ್ಡಪ್ಪ. ಇವತ್ತೇ ಹೊಡೆಸಿಬಿಡೋಣ. ನಾಳೆ ನಾನು ಆಫೀಸಿಗೆ ಹೋಗಬೇಕು.”

“ನೀನು ಆಫೀಸಿಗೆ ಹೋಗಪ್ಪ. ಭೂಮಿ ಎಲ್ಲಿಗೂ ಹೋಗಲ್ಲ. ಒಣಗಿ ಕಲ್ಲಾಗೈತೆ, ಇವತ್ತು ಹೊಡೆದ್ರೆ ಹೆಂಟೆ ಏಳ್ತದೆ. ಒಂದು ಮಳೆ ಬೀಳ್ಲಿ, ಹದ ನೋಡ್ಕೊಂಡು ನಾನೇ ಹೊಡೆಸ್ತೀನಿ.”

“ಬಾಡಿಗೆ ಹೇಳಿಬಿಟ್ಟಿದ್ದೀನಲ್ಲ ದೊಡ್ಡಪ್ಪ?”

“ಬಾಡಿಗೆ ಹೋದ್ರೆ ಒಂದು ದಿನದ್ದು. ಬೇರು ಹೋದ್ರೆ?”

ಈ ಕೊನೆಯ ಪ್ರಶ್ನೆಗೆ ಉತ್ತರವಿಲ್ಲ. ಆದರೂ ಬಹಳಷ್ಟು ಸಾರಿ ಟ್ರ್ಯಾಕ್ಟರ್ ಓಡಿಯೇ ಓಡುತ್ತದೆ, ಏಕೆಂದರೆ ಹಣ ಕೊಡುವವನ ಅವಸರಕ್ಕಿರುವ ಬಲ ಹಿರಿಯನ ಅನುಭವಕ್ಕಿರುವುದಿಲ್ಲ. ಇನ್ನು ಕೆಲವು ತೋಟಗಳಲ್ಲಿ ಹಾಗೆ ತಡೆದು ಹೇಳುವ ದೊಡ್ಡಪ್ಪನೂ ಈಗ ಉಳಿದಿಲ್ಲ.

ಆದ್ದರಿಂದ ಯಂತ್ರವನ್ನು ಆರಿಸುವುದಕ್ಕೆ ಮುಂಚೆ ಆರಿಸಬೇಕಾದದ್ದು, ಹದ ನೋಡಬಲ್ಲ ಒಬ್ಬ ಮನುಷ್ಯನನ್ನು. ಅವನು ಮನೆಯ ಹಿರಿಯನಿರಬಹುದು, ತೋಟ ನೋಡಿಕೊಳ್ಳುವ ಆಳಿರಬಹುದು, ನೆರೆಯ ರೈತ ಮಹಿಳೆಯಿರಬಹುದು. ಅವರಿಗೆ ಕೂಲಿಯ ಜೊತೆಗೆ ಅಧಿಕಾರವನ್ನೂ ಕೊಡಬೇಕು. ಬಾಡಿಗೆಯ ಹಣವನ್ನು ಮುಂಚಿತವಾಗಿ ಅವರ ಕೈಯಲ್ಲಿರಿಸಿ, ‘ಹದ ಬಂದ ದಿನ ಕೇಳದೆಯೇ ಹೊಡೆಸಿ, ಬಾರದಿದ್ದರೆ ಯಾರು ಹೇಳಿದರೂ ಹೊಡೆಸಬೇಡಿ’ ಎಂದು ಹೇಳಿ ಬರುವ ಒಡೆಯನು, ಎಂಥ ಬೆಲೆಯ ಯಂತ್ರವನ್ನು ಕೊಂಡವನಿಗಿಂತಲೂ ತೋಟಕ್ಕೆ ಹೆಚ್ಚಿನ ಉಪಕಾರ ಮಾಡಿದಂತೆ. ಮನೆಯ ಮುಂದಿನ ಹುಲ್ಲಿಗಾದರೋ ಹಿಂದಿನ ದಿನ ನೀರುಣಿಸಿ ಹದವನ್ನು ಬರಿಸಿಕೊಳ್ಳಬಹುದು. ಅದಕ್ಕೆ ಭಾನುವಾರ ಒಗ್ಗುತ್ತದೆ. ಎಕರೆಗಟ್ಟಲೆಯ ತೆಂಗಿಗೆ ಒಗ್ಗುವುದಿಲ್ಲ.

ರಂಧ್ರ ಮುಚ್ಚದಂತೆ

ಸಡಿಲಿಸಿದ ನೆಲವನ್ನು ಬೆತ್ತಲೆಯಾಗಿ ಬಿಟ್ಟರೆ ನಾಲ್ಕು ಮಳೆಗೆ ಅದು ಮತ್ತೆ ಹಪ್ಪಳಗಟ್ಟುತ್ತದೆ. ಹುರುಳಿ, ಅಲಸಂದೆ, ಅಪ್ಸೆಣಬು ಇವುಗಳಲ್ಲಿ ಯಾವುದಾದರೊಂದನ್ನು ಅದೇ ಹದದಲ್ಲಿ ಎರಚಿ ನೆಲ ಮುಚ್ಚಿಸಬೇಕು. ತೆಂಗಿನ ಸಿಪ್ಪೆಗೆ ಈ ಕಡೆ ಬರವಿಲ್ಲ. ಸಾಲಿನ ನಡುವೆ ಕಾಲುವೆ ತೆಗೆದು ಸಿಪ್ಪೆಯನ್ನು ಹೂತರೆ ಅದು ಮಳೆನೀರನ್ನು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ಬೇರಿಗೆ ಕೊಡುತ್ತದೆ. ಒಮ್ಮೆ ಹೂತದ್ದರ ಫಲ ಐದಾರು ವರ್ಷ ಇರುತ್ತದೆ. ಕೆರೆಗೋಡು ಹೊಡೆಸುವವರು ಅದನ್ನು ದಪ್ಪ ಪದರವಾಗಿ ಬಿಡದೆ ಮಣ್ಣಿನೊಡನೆ ಬೆರೆಸಬೇಕು. ಅದರ ನಯವಾದ ಕಣಗಳು ಹಾಗೆಯೇ ಕೂತರೆ ಮುಚ್ಚಳವಾಗುತ್ತವೆ.

ಹೀಗೆ ನೆರಳೂ ತೇವವೂ ಆಹಾರವೂ ಸಿಕ್ಕಿದಲ್ಲಿ ಎರೆಹುಳು ಬರುತ್ತದೆ. ಚಾರ್ಲ್ಸ್ ಡಾರ್ವಿನ್ 1881ರಲ್ಲಿ ಎರೆಹುಳುವನ್ನು ಕುರಿತು ಪ್ರಕಟಿಸಿದ ಪುಸ್ತಕದಲ್ಲಿ, ಇಂಗ್ಲೆಂಡಿನ ಹಲವು ಕಡೆ ಎಕರೆಗೆ ವರ್ಷಕ್ಕೆ ಹತ್ತು ಟನ್ನಿಗಿಂತ ಹೆಚ್ಚು ಮಣ್ಣು ಆ ಹುಳುಗಳ ದೇಹದ ಮೂಲಕ ಹಾದು ಬರುತ್ತದೆಂದು ಅಂದಾಜು ಮಾಡಿದನು. ಜಪಾನಿನ ಮಸನೊಬು ಫುಕುವೊಕ ಇನ್ನೂ ಮುಂದೆ ಹೋಗಿ, ಉಳುಮೆಯೇ ಬೇಡ, ಬೇರೂ ಹುಳುವೂ ನೆಲವನ್ನು ತಾವೇ ಉಳುತ್ತವೆಂದು ವಾದಿಸಿದನು. 1975ರಲ್ಲಿ ಪ್ರಕಟವಾದ ಅವನ ಪುಸ್ತಕ ‘ಒಂದು ಹುಲ್ಲಿನ ಕ್ರಾಂತಿ’ ಎಂಬ ಹೆಸರಿನಿಂದ ಕನ್ನಡಿಗರಿಗೂ ಪರಿಚಿತ. ಹಾಗಾದರೆ ಯಂತ್ರವೇಕೆ ಎಂದು ವಾಚಕರು ಕೇಳಬಹುದು. ಯಂತ್ರದ ಭಾರದಿಂದಲೇ ಗಟ್ಟಿಯಾದ ನೆಲಕ್ಕೆ ಹುಳು ಒಮ್ಮೆಗೆ ಇಳಿಯಲಾರದು. ಅದಕ್ಕೆ ದಾರಿ ತೆರೆದುಕೊಡುವವರೆಗೆ ಮಾತ್ರ ಯಂತ್ರದ ಕೆಲಸ. ಮುರಿದ ಕಾಲಿಗೆ ಊರುಗೋಲಿದ್ದಂತೆ. ವರ್ಷದಿಂದ ವರ್ಷಕ್ಕೆ ಅದರ ಅಗತ್ಯ ಕಡಿಮೆಯಾಗುತ್ತ ಬಂದರೆ ಕೆಲಸ ಸರಿಯಾಗಿ ನಡೆದಿದೆಯೆಂದು ತಿಳಿಯಬೇಕು. ಒಂದು ವರ್ಷ ಕಳೆದ ಮೇಲೆ ಅದೇ ಡಬ್ಬವನ್ನು ಅದೇ ಜಾಗದಲ್ಲಿ ಒತ್ತಿ ನೋಡಿದರೆ ಗಡಿಯಾರವೇ ಸಾಕ್ಷಿ ಹೇಳುತ್ತದೆ.

ಹುಲ್ಲು ತಿಂಗಳೊಪ್ಪತ್ತಿನಲ್ಲಿ ಹಸಿರಾಗಿ ಒಡೆಯನನ್ನು ಸಂತೋಷಪಡಿಸುತ್ತದೆ. ತೆಂಗು ಹಾಗಲ್ಲ. ಸುಳಿಯೊಳಗೆ ಹೊಂಬಾಳೆಯ ಮೊಳಕೆ ಮೂಡಿದಂದಿನಿಂದ ಅದು ಬಿರಿಯುವವರೆಗೆ ಸುಮಾರು 32 ತಿಂಗಳು. ಬಿರಿದ ಮೇಲೆ ಕಾಯಿ ಬಲಿಯಲು ಇನ್ನೂ 12 ತಿಂಗಳು. ಬಲಿತ ಕಾಯಿ ಅಟ್ಟದ ಮೇಲೆ ಎಂಟು ಹತ್ತು ತಿಂಗಳು ಕೂತು ಒಳಗಿನ ತಿರುಳು ಚಿಪ್ಪು ಬಿಟ್ಟ ಮೇಲೆ ತಿಪಟೂರಿನ ಪೇಟೆಗೆ ಹೋಗುವ ಉಂಡೆ ಕೊಬ್ಬರಿ. ಈ ವರ್ಷದ ಭರಣಿ ಮಳೆ ನೆಲದೊಳಗೆ ಇಳಿಯಿತೋ ಹಳ್ಳಕ್ಕೆ ಹರಿಯಿತೋ ಎಂಬುದರ ಲೆಕ್ಕ ಪೂರ್ತಿಯಾಗಿ ಕೈಗೆ ಬರುವುದು ನಾಲ್ಕು ವರ್ಷ ದಾಟಿದ ಮೇಲೆ. ಅಷ್ಟು ಕಾಯಬಲ್ಲ ಬೆಳೆಯ ಒಡೆಯನು ಹದ ಬರುವ ನಾಲ್ಕು ದಿನ ಕಾಯಲಾರದೆ ಹೋದರೆ, ತಪ್ಪನ್ನು ಯಂತ್ರದ ಮೇಲೆ ಹೊರಿಸುವಂತಿಲ್ಲ.